ಇಲ್ಲದ ಹಕ್ಕಿ

ಗೋಣಿಚೀಲದ ಬಾಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಕಾಲುವೆಯ ದಂಡೆಯಲ್ಲಿ ನೆರೀನಾ ಕುಕ್ಕರುಗಾಲಲ್ಲಿ ಕೂತು ಅರ್ಧ ಗಂಟೆಯಾಗಿತ್ತು. ಈರುಳ್ಳಿ ಕಿತ್ತು ಬರಿದಾದ ಹೊಲದ ಕರಿಮಣ್ಣು ಅಕ್ಟೋಬರಿನ ಥಂಡಿಗೆ ಹಸಿ ವಾಸನೆ ಬಿಡುತ್ತಿತ್ತು. ಕಾಲು ಜೋಮು ಹಿಡಿದರೂ ಅವಳು ಮಿಸುಕಲಿಲ್ಲ. ಗಂಡ ಲೋವೆಲ್ ಹೇಳಿ ಹೋಗಿದ್ದ: "ಅಲುಗಬೇಡ. ನಾಲಿಗೇಲಿ ಟಕ್ ಟಕ್ ಅಂತ ಸದ್ದು ಮಾಡ್ತಾ ಇರು. ನಾನೂ ಅಣ್ಣನೂ ಆ ಕಡೆಯಿಂದ ಸ್ನೈಪ್‌ಗಳನ್ನ ಅಟ್ಟಿಕೊಂಡು ಬರ್ತೀವಿ. ಅವು ಸೀದಾ ಚೀಲದೊಳಗೇ ಓಡಿ ಬರ್ತವೆ."

ಅವಳಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಇಟಲಿಯಲ್ಲಿನ ಹುಟ್ಟೂರು ಮರಾನೊದ ಹಿನ್ನೀರಿನಲ್ಲಿ ಮುಸ್ಸಂಜೆ ಬಲೆ ಹಾಕಿ ಹಕ್ಕಿ ಹಿಡಿಯುವವರನ್ನು ನೋಡಿಯೇ ಬೆಳೆದವಳು. ಸ್ನೈಪ್ ಅಂದರೆ ಯಾವ ಹಕ್ಕಿ ಅಂತ ಮಾತ್ರ ಗೊತ್ತಿರಲಿಲ್ಲ. ಯುದ್ಧದ ನಂತರ ಹತ್ತಿರದ ತ್ರಿಯೆಸ್ತೆಯಲ್ಲಿ ಅಮೆರಿಕದ ಸಿಪಾಯಿಯಾಗಿದ್ದ ಲೋವೆಲ್‌ನನ್ನು ಮದುವೆಯಾಗಿ ಇಂಡಿಯಾನಾಕ್ಕೆ ಬಂದು ಏಳು ತಿಂಗಳು. ಗೊತ್ತಿಲ್ಲದ ಪದ ದಿನಕ್ಕೆ ಹತ್ತು ಸಿಗುತ್ತಿದ್ದವು.

ಬೆಳಕು ಕರಗುವ ಹೊತ್ತಿಗೆ ತಲೆಯ ಮೇಲೆ ಒದ್ದೆ ಬಟ್ಟೆ ಪರ್ರನೆ ಹರಿದಂಥ ಸದ್ದಾಯಿತು. ಒಂದು ಹಕ್ಕಿ ಕಲ್ಲು ಬಿದ್ದಹಾಗೆ ಬಂದು ಕಾಲುವೆಯಾಚೆ ಇಳಿಯಿತು. ಹಿಂದೆಯೇ ಇನ್ನೆರಡು. ಉದ್ದ ಕೊಕ್ಕು, ಬೆನ್ನ ಮೇಲೆ ಒಣಹುಲ್ಲಿನಂಥ ಗೆರೆ. ಅವಳ ಬಾಯಿಗೆ ತನ್ನೂರಿನ ಹೆಸರೇ ಬಂತು: ಬೆಕನೋತೊ! ಅಪ್ಪ ಚಳಿಗಾಲವಿಡೀ ಬೆನ್ನು ಹತ್ತುತ್ತಿದ್ದ ಹಕ್ಕಿ. ಇಷ್ಟು ದೂರ ಬಂದ ಮೇಲೆ ಗುರುತಿನವರೊಬ್ಬರು ಸಿಕ್ಕಿದಂತಾಯಿತು. ಆರು ಹಕ್ಕಿ ಎಣಿಸಿದಳು. ಆಮೇಲೆ ಹೊಳೆಯಿತು: ಹಕ್ಕಿಗಳು ತಾವಾಗಿಯೇ ಬಂದಿವೆ. ಅಟ್ಟುವವರು ಎಲ್ಲಿ?

ದೂರದಲ್ಲಿ ಮನೆಯ ಅಡುಗೆಮನೆಯ ದೀಪ ಉರಿಯುತ್ತಿತ್ತು. ಲೋವೆಲ್‌ನ ಟ್ರಕ್ಕು ಅಂಗಳದಲ್ಲೇ ನಿಂತಿತ್ತು.

ಒಳಗೆ ಕಾಲಿಟ್ಟಾಗ ಮೇಜಿನ ಸುತ್ತ ಕಾಫಿ ಕುಡಿಯುತ್ತ ಕೂತಿದ್ದರು. ಲೋವೆಲ್, ಅವನ ಅಣ್ಣ ಡೆಲ್ಬರ್ಟ್, ಪಕ್ಕದ ಹೊಲದ ಇಬ್ಬರು. ಒಲೆಯ ಬಳಿ ಅತ್ತೆ ಹೆಸ್ಟರ್ ಸೇಬಿನ ಸಿಪ್ಪೆ ತೆಗೆಯುತ್ತಿದ್ದಳು.

"ಬಂದ್ಲಪ್ಪಾ ಬೇಟೆಗಾರ್ತಿ!" ಡೆಲ್ಬರ್ಟ್ ಮೇಜು ಗುದ್ದಿದ. "ಚೀಲ ತುಂಬ್ತಾ, ಇಟಲಿ?" ಈ ಮನೆಗೆ ಬಂದಾಗಿನಿಂದ ಅವನ ಬಾಯಲ್ಲಿ ಅವಳಿಗೆ ಅದೇ ಹೆಸರು.

"ಆರು ಬಂದವು. ನೀವು ಎಲ್ಲಿದ್ರಿ?"

ನಗು ಸ್ಫೋಟಿಸಿತು. ಪಕ್ಕದ ಹೊಲದವನೊಬ್ಬನಿಗೆ ಕಾಫಿ ನೆತ್ತಿಗೇರಿತು. ಲೋವೆಲ್ ಕೂಡ ನಗುತ್ತಿದ್ದ. ಅವಳ ಮೊಣಕಾಲಿಗೆ ಹತ್ತಿದ ಕೆಸರು ನೋಡಿದವನು ನಗು ನುಂಗಿಕೊಂಡ.

"ನೆರೀನಾ, ಅಂಥ ಹಕ್ಕಿನೇ ಇಲ್ಲ ಕಣೇ. ತಮಾಷೆ ಅಷ್ಟೆ. ಹೊಸಬರಿಗೆಲ್ಲ ಮಾಡ್ತಾರೆ. ನನಗೂ ಮಾಡಿದ್ರು, ಹತ್ತು ವರ್ಷದವನಿದ್ದಾಗ. ನೀನೂ ಇನ್ನು ನಮ್ಮೋಳು ಅಂತ ಲೆಕ್ಕ."

"ಹಕ್ಕಿ ಇದೆ. ನೋಡಿದೆ."

"ನೋಡಿದ್ಲಂತೆ!" ಡೆಲ್ಬರ್ಟ್ ಕಣ್ಣೊರೆಸಿಕೊಂಡ. "ಇನ್ನೂ ನಂಬಿದಾಳೆ ನೋಡ್ರೋ!"

ಹೆಸ್ಟರ್ ನಗಲಿಲ್ಲ. ತಲೆಯನ್ನೂ ಎತ್ತಲಿಲ್ಲ. ಸೇಬಿನ ಸಿಪ್ಪೆ ಒಂದೇ ಎಳೆಯಾಗಿ ಅವಳ ಮಡಿಲಿಗೆ ಇಳಿಯುತ್ತಿತ್ತು.

ತಮಾಷೆ ಅಲ್ಲಿಗೇ ಮುಗಿದಿದ್ದರೆ ಅವಳೂ ಮರೆಯುತ್ತಿದ್ದಳೋ ಏನೋ. ಬಂದ ಹೊಸತರಲ್ಲಿ ಮುಸುಕಿನ ಜೋಳದ ಹಿಟ್ಟು ಬೇಯಿಸಿ ತನ್ನೂರಿನ ಪೊಲೆಂತ ಮಾಡಿ ಬಡಿಸಿದಾಗ, ಇದು ಹಂದಿಗೆ ಹಾಕೋದು ಅಂದಿದ್ದರು, ನುಂಗಿಕೊಂಡಿದ್ದಳು. ಆದರೆ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಹೆಂಗಸರು ಅವಳನ್ನು ಕಂಡು ನಾಲಿಗೆಯಲ್ಲಿ ಟಕ್ ಟಕ್ ಸದ್ದು ಮಾಡಿದರು. ದಿನಸಿ ಅಂಗಡಿಯವನು ಸಕ್ಕರೆ ಕಟ್ಟಿಕೊಡುತ್ತ, "ಚೀಲ ದೊಡ್ಡದು ಕೊಡ್ಲಾ ತಾಯಿ, ಹಕ್ಕಿ ಹಿಡಿಯೋಕೆ?" ಅಂದ. ಚೀಲ ಹಿಡಿದು ಕೂತಿದ್ದಕ್ಕಿಂತ, ಹಕ್ಕಿ ಇದೆ ಅಂದಿದ್ದೇ ಊರಿಗೆ ದೊಡ್ಡ ನಗೆಪಾಟಲಾಗಿತ್ತು. ಕಣ್ಣಾರೆ ಕಂಡದ್ದನ್ನು ಹೇಳಿದರೂ ಅವಳ ಮಾತಿಗೆ ಇಲ್ಲಿ ಮೂರು ಕಾಸಿನ ಬೆಲೆಯಿರಲಿಲ್ಲ.

"ಬಿಟ್ಹಾಕು, ನೆರೀನಾ. ನೀನೂ ಒಂದ್ಸಲ ನಕ್ಕುಬಿಡು, ಎಲ್ಲ ಸರಿಹೋಗುತ್ತೆ," ಎಂದ ಲೋವೆಲ್, ಮನೆಗೆ ಬರುವ ದಾರಿಯಲ್ಲಿ.

"ನಾನು ಆವತ್ತು ನಂಬಿದ್ದು ಹಕ್ಕಿನ ಅಲ್ಲ," ಅಂದಳು ಅವಳು. "ನಿನ್ನನ್ನ."

ಅವನು ಸ್ಟೀರಿಂಗ್ ಹಿಡಿದ ಕೈಯನ್ನೇ ನೋಡಿಕೊಂಡ.

ಸೋಮವಾರ ಬೆಳಗಿನ ತಿಂಡಿಯ ಹೊತ್ತಿಗೆ ಎಲ್ಲರ ಕಣ್ಣೆದುರೇ ಅವಳು ಸ್ಟೂಲು ಹತ್ತಿ, ನೆಲಮಾಳಿಗೆಯ ಬಾಗಿಲ ಮೇಲೆ ತೂಗುಹಾಕಿದ್ದ ಜೋಡುನಳಿಗೆ ಬಂದೂಕನ್ನು ಇಳಿಸಿದಳು. ಮಾವ ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿಲ್ಲ ಅಂತ ಮನೆಯವರ ಮಾತು.

ಡೆಲ್ಬರ್ಟ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ಏಯ್. ಅದು ಅಪ್ಪಂದು. ಕೆಳಗಿಡು."

ನೆರೀನಾ ಬಂದೂಕನ್ನು ಕೀಲಿನಲ್ಲಿ ಬಗ್ಗಿಸಿ ತೆರೆದು, ಬೆಳಕಿಗೆ ಹಿಡಿದು ನಳಿಗೆಯೊಳಗೆ ನೋಡಿದಳು. ತುಕ್ಕಿರಲಿಲ್ಲ. ಯಾರೋ ಎಣ್ಣೆ ಹಾಕಿ ಒರೆಸುತ್ತ ಬಂದಿದ್ದರು.

"ಇಡು ಅಂದೆ!"

"ತಗೊಂಡು ಹೋಗ್ಲಿ ಬಿಡೋ," ಎಂದಳು ಹೆಸ್ಟರ್.

ಅತ್ತೆ ಎದ್ದುಹೋಗಿ ಕಪಾಟಿನ ಕೆಳಗಿನ ಡ್ರಾಯರು ಎಳೆದಳು. ನೂಲಿನ ಉಂಡೆ, ಹಳೇ ಕೀಲಿಕೈಗಳ ನಡುವೆ ಕೈಯಾಡಿಸಿ, ಬಣ್ಣ ಮಾಸಿದ ಕಾಗದದ ತೋಟಾ ಐದು ತೆಗೆದು ಮೇಜಿನ ಮೇಲಿಟ್ಟಳು. "ಎಷ್ಟು ಹಳೇವೋ ಏನೋ. ಹೊತ್ತಿಕೊಂಡರೆ ನಿನ್ನ ಪುಣ್ಯ."

ನೆರೀನಾ ಒಂದನ್ನು ಕಿವಿಯ ಹತ್ತಿರ ಅಲುಗಿಸಿದಳು. ರಾಗಿಕಾಳಿನಷ್ಟು ಸಣ್ಣ ಚರೆ. ಬಾತಿಗಾಗಲಿ ಮೊಲಕ್ಕಾಗಲಿ ಇಂಥದ್ದನ್ನು ಯಾರೂ ಹಾಕುವುದಿಲ್ಲ. ಅತ್ತೆಯ ಮುಖ ನೋಡಿದಳು. ಹೆಸ್ಟರ್ ಆಗಲೇ ತಟ್ಟೆ ತೊಳೆಯಲು ಬೆನ್ನು ತಿರುಗಿಸಿದ್ದಳು.

ಗಾಳಿ ಪಶ್ಚಿಮದಿಂದ ಬೀಸುತ್ತಿತ್ತು. ಅಪ್ಪ ಹೇಳಿಕೊಟ್ಟಂತೆ ಅವಳು ಗಾಳಿಗೆ ಬೆನ್ನು ಕೊಟ್ಟು ನಡೆದಳು. ಹಕ್ಕಿ ಗಾಳಿಗೆ ಎದುರಾಗಿ ಏಳುತ್ತದೆ. ಎದ್ದದ್ದು ಕ್ಷಣಮಾತ್ರ ಬೇಟೆಗಾರನ ಕಡೆಗೇ ವಾಲುತ್ತದೆ. ಕಾಲುವೆ ದಾಟಿದರೆ ಉಳುಮೆಗೆ ಬಗ್ಗದೆ ಉಳಿದ ಜೌಗಿನ ತುಂಡೊಂದಿತ್ತು. ಮೊದಲ ಹಕ್ಕಿ ಕಾಲಬುಡದಿಂದಲೇ ಕಿರುಚಿ ಎದ್ದು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ವಾಲಿತು. ಅವಳು ಆತುರಪಟ್ಟಳು. ಗುಂಡು ಆಕಾಶಕ್ಕೆ ಹೋಯಿತು. ಎರಡನೆಯದೂ ಹಾಗೇ. ಮೂರನೇ ತೋಟಾ ಟಿಕ್ ಎಂದು ಸುಮ್ಮನಾಯಿತು.

ಅವಳು ನಿಂತಳು. ಬಲಗಾಲಿನ ಬೂಟು ಕೆಸರಿನಲ್ಲಿ ಕಚ್ಚಿಕೊಂಡಿತ್ತು. ಸಿಟ್ಟಿನಲ್ಲಿ ಅದನ್ನು ಎಳೆದು ಬಿಡಿಸಿಕೊಂಡಳು. ಯಾರ ಮೇಲೆ ಅಂತ ಕೇಳಿದ್ದರೆ ಆ ಗಳಿಗೆಯಲ್ಲಿ ಇಡೀ ಇಂಡಿಯಾನಾದ ಹೆಸರು ಹೇಳುತ್ತಿದ್ದಳು. ಅಪ್ಪನ ಗೊಗ್ಗರು ದನಿ ನೆನಪಾಯಿತು: "ಈ ಹಕ್ಕಿ ಮೊದಲು ಸುಳ್ಳು ಹೇಳುತ್ತೆ ಮಗಾ. ಆ ಕಡೆ ಅನ್ನುತ್ತೆ, ಈ ಕಡೆ ಅನ್ನುತ್ತೆ. ಸುಳ್ಳು ಮುಗಿಯೋತನಕ ಕಾಯಿ. ಆಮೇಲೆ ನೆಟ್ಟಗೆ ಹೋಗೇ ಹೋಗುತ್ತೆ."

ಕಾದಳು. ನಾಲ್ಕನೆಯ ತೋಟಾಕ್ಕೆ ಒಂದು ಬಿತ್ತು. ಐದನೆಯದಕ್ಕೆ ಇನ್ನೊಂದು.

ಮಧ್ಯಾಹ್ನ ಎರಡೂ ಹಕ್ಕಿಗಳನ್ನು ಅಡುಗೆಮನೆಯ ಮೇಜಿನ ಮೇಲೆ, ಡೆಲ್ಬರ್ಟ್‌ನ ತಟ್ಟೆಯ ಪಕ್ಕದಲ್ಲೇ ಇಟ್ಟಳು. ಅವನು ಫೋರ್ಕಿನ ತುದಿಯಿಂದ ಒಂದರ ಕೊಕ್ಕು ಎತ್ತಿ ನೋಡಿದ.

"ಇದು ಬೇರೆ ಏನೋ. ಯಾವುದೋ ಕೆಸರಿನ ಹಕ್ಕಿ."

"ಸ್ನೈಪೇ ಅದು," ಎಂದಳು ಹೆಸ್ಟರ್.

ಲೋವೆಲ್ ಸೇರಿ ಮೂವರೂ ಅವಳ ಕಡೆ ತಿರುಗಿದರು. ಹೆಸ್ಟರ್ ಏಪ್ರನ್ನಿಗೆ ಕೈ ಒರೆಸಿಕೊಂಡು, ಹಕ್ಕಿಯನ್ನು ಎತ್ತಿ ಅಂಗೈಯಲ್ಲಿ ತೂಗಿದಳು. "ನೀವಿಬ್ಬರೂ ಹುಟ್ಟೋ ಮುಂಚೆ ನಿಮ್ಮಪ್ಪ ಇದನ್ನ ಪೀಪಾಯಿಗಟ್ಟಲೆ ಷಿಕಾಗೋಗೆ ರೈಲು ಹತ್ತಿಸ್ತಿದ್ದ. ಪುಕ್ಕ ತರೀತಿದ್ದೋಳು ನಾನು. ಬೆರಳ ತುದಿ ಸುಲಿದುಹೋಗ್ತಿತ್ತು. ಆಮೇಲೆ ಜೌಗು ಬತ್ತಿಸಿ ಈರುಳ್ಳಿ ಹಾಕಿದ್ರಿ. ಮಧ್ಯೆ ಹನ್ನೆರಡು ವರ್ಷ ಸರ್ಕಾರ ಇದರ ಬೇಟೆಯನ್ನೇ ನಿಲ್ಲಿಸಿತ್ತು, ಹೋದ ವರ್ಷ ಬಿಟ್ಟಿದಾರೆ. ಕಂಡವರು ಸತ್ರು. ತಮಾಷೆ ಒಂದೇ ಉಳೀತು."

"ಮತ್ತೆ ಆವತ್ತು ಯಾಕೆ ಸುಮ್ಮನಿದ್ರಿ?" ಕೇಳಿದ್ದು ನೆರೀನಾ. ದನಿ ಏರಿಸಿರಲಿಲ್ಲ.

ಹೆಸ್ಟರ್ ಹಕ್ಕಿಯನ್ನು ಮತ್ತೆ ಮೇಜಿನ ಮೇಲಿಟ್ಟಳು. "ನನ್ನನ್ನೂ ನಿಲ್ಲಿಸಿದ್ರು, ಮದುವೆಯಾದ ಹೊಸತರಲ್ಲಿ," ಅಂದಳು. "ಅದೇ ಜಾಗದಲ್ಲಿ. ಬೆಳಕು ಹರಿಯೋವರೆಗೂ ನಿಂತಿದ್ದೆ. ಬಂದವಳು ನಕ್ಕುಬಿಟ್ಟೆ, ಎಲ್ಲರ ಜೊತೆ. ನಾನು ತಡ್ಕೊಂಡೆ, ನೀನೂ ತಡ್ಕೋತೀಯ ಅಂದ್ಕೊಂಡೆ."

"ನಾನು ತಡ್ಕೊಳಲ್ಲ," ಅಂದಳು ನೆರೀನಾ.

"ಗೊತ್ತಾಯ್ತು," ಎಂದಳು ಹೆಸ್ಟರ್.

ಅತ್ತೆ ಸೊಸೆ ಒಲೆಯ ಮುಂದೆ ಕೂತು ಪುಕ್ಕ ತರಿದರು. ನೆರೀನಾ ಹೊಟ್ಟೆ ಸೀಳದೆ, ತಲೆ ಕತ್ತರಿಸದೆ, ಆ ಉದ್ದ ಕೊಕ್ಕನ್ನೇ ದಬ್ಬಳದ ಹಾಗೆ ತೊಡೆಗೆ ಚುಚ್ಚಿ, ಹಂದಿಕೊಬ್ಬಿನ ಪಟ್ಟಿ ಸುತ್ತಿ ಹುರಿದಳು. ಮನೆಯೆಲ್ಲ ಘಮ್ಮೆಂದಿತು. ಹೊಲಕ್ಕೆ ಹೋಗಬೇಕಾದ ಡೆಲ್ಬರ್ಟ್ ಏನೋ ನೆಪ ತೆಗೆದು ಕೂತೇ ಇದ್ದ. ಒಳಗಿನ ಬೆಂದ ಕರುಳು, ಈಲಿಯನ್ನು ಚಮಚದಲ್ಲಿ ತೆಗೆದು ಬೆಣ್ಣೆಯಲ್ಲಿ ಅರೆದು, ಸುಟ್ಟ ರೊಟ್ಟಿಗೆ ಸವರಿ, ಅದರ ಮೇಲೆ ಹಕ್ಕಿ ಕೂರಿಸಿ ಒಂದನ್ನು ಅತ್ತೆಗೆ ಕೊಟ್ಟಳು. ಇನ್ನೊಂದನ್ನು ತನ್ನ ಮುಂದೆ ಇಟ್ಟುಕೊಂಡಳು. ಗಂಡಸರ ಮುಂದೆ ಬೇಯಿಸಿದ ಬೀನ್ಸಿನ ಪಾತ್ರೆ ಇಟ್ಟಳು.

"ನಮಗೆ?" ಅಂದ ಡೆಲ್ಬರ್ಟ್.

"ಇಲ್ಲದ ಹಕ್ಕಿನ ಹೇಗೆ ಬಡಿಸ್ಲಿ, ಡೆಲ್ಬರ್ಟ್?"

ಅವನ ಮುಖ ಕೆಂಪೇರಿತು. ಅಮ್ಮ ಏನಾದರೂ ಅಂದಾಳು ಅಂತ ಕಾದ. ಹೆಸ್ಟರ್ ಹಕ್ಕಿಯ ತಲೆಯನ್ನು ಮುರಿದು, ಕೊಕ್ಕು ಹಿಡಿದು, ಬುರುಡೆಯನ್ನು ಹಲ್ಲಲ್ಲಿ ಪಟ್ಟೆಂದು ಒಡೆದು ಚೀಪಿದಳು. ಅರವತ್ತು ದಾಟಿದ, ಚರ್ಚಿನಲ್ಲಿ ಮೊದಲ ಸಾಲಿನಲ್ಲಿ ಕೂರುವ ಹೆಂಗಸು ಹೀಗೆ ತಿನ್ನುವುದನ್ನು ಮಕ್ಕಳು ಕಂಡಿರಲಿಲ್ಲ. "ಉಪ್ಪು ಒಂದು ಚಿಟಿಕೆ ಕಮ್ಮಿ," ಅಂದಳು.

"ಹೂಂ. ಕಮ್ಮಿ," ಅಂದಳು ನೆರೀನಾ.

ಲೋವೆಲ್ ಬೀನ್ಸಿಗೆ ಚಮಚ ಹಾಕಲಿಲ್ಲ. ಎದ್ದು, ಟೋಪಿ ಹಾಕಿಕೊಂಡು ಹೊರಗೆ ಹೋದ. ಟ್ರಕ್ಕು ಊರ ಕಡೆ ಹೋದ ಸದ್ದು ಕೇಳಿಸಿತು.

ಮರುದಿನ ಮುಂಜಾನೆ ಅವಳು ಬಂದೂಕು ಒರೆಸುತ್ತಿದ್ದಾಗ ಅವನು ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ತೋಟಾದ ಹೊಸ ಪೆಟ್ಟಿಗೆಯಿತ್ತು. ಸಣ್ಣ ಚರೆಯದೇ.

"ಯಾವುದಕ್ಕೆ ಅಂತ ಕೇಳಿದ್ರಾ ಅಂಗಡೀಲಿ?"

"ಕೇಳಿದ್ರು. ಸ್ನೈಪಿಗೆ ಅಂದೆ."

"ಏನಂದ್ರು?"

"ನಕ್ಕರು. ಜನ ತುಂಬಾ ಇದ್ರು."

"ನೀನು?"

"ನಗಲಿಲ್ಲ."

ಅವಳು ಪೆಟ್ಟಿಗೆ ಇಸಕೊಂಡು ಹತ್ತು ತೋಟಾ ಜೇಬಿಗಿಳಿಸಿದಳು. ಬೂಟಿನ ದಾರ ಬಿಗಿದಳು.

"ನಾನೂ ಬರ್ಲಾ?"

ಅವಳು ಆಗಲೇ ಅಂಗಳಕ್ಕೆ ಇಳಿದಿದ್ದಳು. "ಹಿಂದೆ ಬಾ," ಅಂದಳು, ತಿರುಗದೆ. "ಮಾತಾಡಬೇಡ."

ರಾತ್ರಿಯ ಹಿಮ ಇನ್ನೂ ಕರಗಿರಲಿಲ್ಲ. ಕಾಲುವೆ ದಾಟಿ ಜೌಗಿಗೆ ಇಳಿದ ಮೇಲೆ ಅವಳು ಎಲ್ಲಿ ಗಟ್ಟಿ ನೆಲ, ಎಲ್ಲಿ ಹುದುಲು ಎಂದು ಕಾಲ ತುದಿಯಲ್ಲಿ ತಡವುತ್ತ ಮುಂದೆ ನಡೆದಳು. ಅವಳು ಕಾಲೆತ್ತಿದ ಕಡೆ ಹೆಜ್ಜೆಗುಳಿಗೆ ನಿಧಾನವಾಗಿ ಕರಿನೀರು ಜಿನುಗುತ್ತಿತ್ತು. ತುಂಬುವುದರೊಳಗೆ ಲೋವೆಲ್ ಒಂದೊಂದಾಗಿ ಆ ಗುಳಿಗಳಲ್ಲೇ ತನ್ನ ಬೂಟು ಇಡುತ್ತ ಬಂದ.