ದೊಡ್ಡಪ್ಪನ ಮೇಲ್‌ಗೊಂದು ರೂಲ್

ಕಂಪ್ಯೂಟರ್ ರಿಪೇರಿಯವರು ಹಿಂದೊಮ್ಮೆ ಯಾರದೋ ಮೇಲ್‌ಗಳನ್ನೆಲ್ಲ ಅಳಿಸಿಬಿಟ್ಟಿದ್ದರಂತೆ. ಆ ಮನುಷ್ಯ ಅಂಗಡಿಗೇ ಬಂದು ಅತ್ತಿದ್ದ. ಅಂದಿನಿಂದ, ಹಳೆಯದನ್ನು ಅಳಿಸಿ ಹೊಸ ಸಿಸ್ಟಮ್ ಹಾಕುವ ಮುನ್ನ ಉಳಿಸಬೇಕಾದ ಒಂದೊಂದನ್ನೂ ಗಟ್ಟಿಯಾಗಿ ಓದಿ, ‘ಹೂಂ’ ಅನ್ನಿಸಿಕೊಂಡೇ ಮುಂದೆ ಹೋಗುತ್ತಿದ್ದರು.

ಇವತ್ತು ಅವರು ಬಂದಿದ್ದು ಗ್ರಂಥಾಲಯದಲ್ಲಿ ಕೆಲಸ ಮಾಡುವ ಹುಡುಗಿಯ ಮನೆಗೆ. ಅವಳು ಪಕ್ಕದ ಸ್ಟೂಲಿನ ಮೇಲೆ ಕೂತು ಹೂಂಗುಟ್ಟುತ್ತಿದ್ದಳು. ವಿಳಾಸಗಳ ಪಟ್ಟಿ? ಹೂಂ. ಅಕ್ಷರದ ಗಾತ್ರ? ಹೂಂ. ಅಷ್ಟರಲ್ಲಿ ದೊಡ್ಡಪ್ಪ ಬಂದರು.

“ಎರಡು ದಿನದಿಂದ ನಿನ್ನ ಉತ್ತರಾನೇ ಇಲ್ಲ. ಹುಷಾರಿಲ್ವೇನೋ ಅಂತ ನೋಡೋಕೆ ಬಂದೆ.”

“ನಂಗೇನಿಲ್ಲ ದೊಡ್ಡಪ್ಪ. ಕಂಪ್ಯೂಟರ್‌ಗೇ ಹುಷಾರಿಲ್ಲ.”

ದೊಡ್ಡಪ್ಪ ಮೂವತ್ತೊಂದು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ದಿನಕ್ಕೊಂದು ಲಿಫ್ಟಿನ ಕಥೆಯನ್ನು ಅವಳಿಗೆ ಬರೆಯುತ್ತಿದ್ದರು; ಬೇರೆ ಯಾರೂ ಅದಕ್ಕೆ ಕಿವಿಗೊಡುತ್ತಿರಲಿಲ್ಲ. ಅವಳ ಉತ್ತರ ನೋಡಿದ ಮೇಲೇ ಅವರಿಗೆ ಬೆಳಗಾಗುವುದು ಎಂದು ದೊಡ್ಡಮ್ಮ ಹೇಳುತ್ತಿದ್ದರು. ಅವಳು ಮೊದಲ ಒಂಬತ್ತು ಲಿಫ್ಟುಗಳನ್ನು ಓದಿದ್ದಳು. ಹತ್ತನೆಯದು ಬಂದ ದಿನ, ಅವರ ಮೇಲ್ ಬಂದರೆ ಏನು ಮಾಡಬೇಕೆಂದು ಕಂಪ್ಯೂಟರ್‌ಗೇ ಹೇಳಿಡುವ ಒಂದು ರೂಲ್ ಹಾಕಿದಳು. ಉಳಿಸಬೇಕಾದವುಗಳ ಪಟ್ಟಿಯಲ್ಲಿ ಅದು ನಾಲ್ಕನೆಯದು. ರಿಪೇರಿಯವರು ಈಗ ಎರಡನೆಯದರಲ್ಲಿದ್ದರು.

“ಮಿಕ್ಕಿದ್ದೆಲ್ಲ ಉಳಿಸಿಬಿಡಿ. ಓದೋದೇನೂ ಬೇಡ,” ಎಂದಳು.

“ಹಾಗಂದೋರೇ ಆಮೇಲೆ ಅಳೋದಮ್ಮ. ಮೂರು: ಜಾಹೀರಾತು ಬಂದರೆ ಕಸದ ಬುಟ್ಟಿಗೆ.”

“ಹೂಂ.”

“ನಾಲ್ಕು: ದೊಡ್ಡಪ್ಪನ ಮೇಲ್ ಬಂದರೆ ಓದಿದ ಗುರುತು ಹಾಕಿ, ‘ಆಮೇಲೆ’ ಅನ್ನೋ ಫೋಲ್ಡರಿಗೆ. ತಕ್ಷಣ ಉತ್ತರ: ‘ತುಂಬ ಚೆನ್ನಾಗಿದೆ ದೊಡ್ಡಪ್ಪ, ಮುಂದುವರಿಸಿ.’”

ರಿಪೇರಿಯವರು ಹೂಂಗಾಗಿ ಕಾದರು. ಭೂಮಿ ಬಾಯಿಬಿಡಬಾರದೇ ಎಂದು ಅವಳಿಗನ್ನಿಸಿತು. ಆದರೆ ಮನೆ ಇದ್ದದ್ದು ಮೂರನೆಯ ಮಹಡಿಯಲ್ಲಿ.

ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿದರು.

“ಅದಕ್ಕೇ ಮತ್ತೆ! ಕಾಲು ಮುರ್ಕೊಂಡು ಆಸ್ಪತ್ರೆ ಸೇರಿದೀನಿ ಅಂತ ಬರೆದಾಗಲೂ ತುಂಬ ಚೆನ್ನಾಗಿದೆ ಅಂದಿದ್ದೆ ನೀನು. ನಿಮ್ಮ ದೊಡ್ಡಮ್ಮನಿಗೆ ತೋರಿಸಿದೆ. ‘ಅವಳು ಬರವಣಿಗೆ ಬಗ್ಗೆ ಹೇಳಿರೋದು’ ಅಂದ್ಲು.”

“ಮುಂದುವರಿಸಿ ಅಂತಾನೂ ಬಂದಿತ್ತಾ?” ರಿಪೇರಿಯವರು ವಿಚಾರಿಸಿದರು.

“ಬಂದಿತ್ತು.”

“ತಪ್ಪಾಯ್ತು ದೊಡ್ಡಪ್ಪ,” ಎಂದವಳು ರಿಪೇರಿಯವರ ಕಡೆ ತಿರುಗಿ, “ಆ ರೂಲ್ ಬೇಡ. ಅವರ ಮೇಲ್‌ಗಳನ್ನ ಮಾತ್ರ ಒಂದೂ ಬಿಡದೆ ಉಳಿಸಿ,” ಎಂದಳು. ರಿಪೇರಿಯವರು ರೂಲಿನ ಮುಂದೆ ‘ಬೇಡ’ ಎಂದು ಗುರುತು ಹಾಕಿಕೊಂಡರು.

“ರೂಲ್ ತೆಗೆದ್ರೆ ನಾಳೆಯಿಂದ ಉತ್ತರ ಕೊಡೋರ್ಯಾರು?” ದೊಡ್ಡಪ್ಪ ಕೇಳಿದರು.

“ನಾನೇ. ಓದಿ ಕೊಡ್ತೀನಿ.”

“ಎಷ್ಟೊತ್ತಿಗೆ?”

“ಕೆಲಸದಿಂದ ಬಂದ್ಮೇಲೆ. ಸಂಜೆ ಏಳಾಗುತ್ತೆ.”

ಇಷ್ಟು ದಿನ ಉತ್ತರ ನಿಮಿಷದೊಳಗೆ ಬರುತ್ತಿತ್ತು. ದೊಡ್ಡಪ್ಪ ಬೆರಳು ಮಡಿಸಿ ಲೆಕ್ಕ ಹಾಕಿದರು.

“ಹಾಗಾದ್ರೆ ಇನ್ಮೇಲೆ ಚಿಕ್ಕದಾಗಿ ಬರೀಬೇಕು,” ಎಂದರು. “ಯಂತ್ರಕ್ಕಾಗಿದ್ರೆ ಎಷ್ಟುದ್ದ ಇದ್ರೂ ನಡೀತಿತ್ತು.”