ಅಣ್ಣನ ಎರಡು ಲಕೋಟೆ

ಅಣ್ಣನ ಲಕೋಟೆಗಳು ಅದಲುಬದಲಾಗಿವೆ ಎಂದು ನನಗೆ ಮೂರು ದಿನದ ಹಿಂದೆಯೇ ಗೊತ್ತಿತ್ತು. ಈಗ ಒಳಗೆ ಅವನ್ನು ಒಡೆಯುತ್ತಿದ್ದರು. ಟೆಂಡರ್ ಹಾಕಿದವನು ನನ್ನ ಸ್ವಂತ ಅಣ್ಣ ಎಂದು ನಾನೇ ಬರೆದುಕೊಟ್ಟಿದ್ದರಿಂದ ನನಗೆ ಒಳಗೆ ಪ್ರವೇಶವಿರಲಿಲ್ಲ. ಕಾರಿಡಾರಿನಲ್ಲಿ ನಿಂತಲ್ಲಿ ನಿಲ್ಲಲಾರದೆ ನೀರಿನ ಫಿಲ್ಟರಿನಿಂದ ಕಿಟಕಿಗೆ, ಕಿಟಕಿಯಿಂದ ಫಿಲ್ಟರಿಗೆ ಓಡಾಡುತ್ತಿದ್ದೆ.

"ಮೇಡಂ, ಕೂತ್ಕೊಳ್ಳಿ. ನೆಲ ಸವೆದುಹೋಗತ್ತೆ," ಎಂದ ಅಟೆಂಡರ್.

"ನಿನ್ನ ನೆಲ ಅಲ್ವಲ್ಲ, ಸುಮ್ನಿರು," ಎಂದು ಸಿಡುಕಿದೆ. ಪಾಪ, ಅವನದೇನು ತಪ್ಪು!

ನಗರಸಭೆಯ ಟೆಂಡರ್ ವಿಭಾಗದಲ್ಲಿ ನನಗೆ ಹತ್ತೊಂಬತ್ತು ವರ್ಷ ಸರ್ವೀಸು. ಲಕೋಟೆ ತೆಗೆದುಕೊಂಡು, ಮೊಹರು ಹೊಡೆದು, ರಿಜಿಸ್ಟರಿನಲ್ಲಿ ಬರೆದು ಪೆಟ್ಟಿಗೆಗೆ ಹಾಕುವುದು ನನ್ನ ಕೆಲಸ. ಪ್ರತಿಯೊಬ್ಬರದೂ ಎರಡು ಲಕೋಟೆ. ತಾಂತ್ರಿಕ ಲಕೋಟೆಯಲ್ಲಿ ಅನುಭವದ ಪತ್ರ, ಯಂತ್ರಗಳ ಪಟ್ಟಿ, ಹಳೆಯ ಕೆಲಸದ ಫೋಟೋಗಳು, ಅದು ದಪ್ಪ. ದರದ ಲಕೋಟೆಯಲ್ಲಿ ಒಂದೇ ಹಾಳೆ, ಅದು ತೆಳು. ಮೊದಲು ತಾಂತ್ರಿಕ ಲಕೋಟೆ ಒಡೆಯುತ್ತಾರೆ. ಅದರೊಳಗೆ ದರದ ಹಾಳೆ ಕಂಡರೆ ಮುಗಿಯಿತು, ಅರ್ಜಿ ಅಲ್ಲಿಗೇ ರದ್ದು. ಅದಕ್ಕೇ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತೇನೆ: "ಪೆಟ್ಟಿಗೆಗೆ ಹಾಕೋ ಮುಂಚೆ ಇನ್ನೊಂದ್ಸಲ ನೋಡ್ಕೊಳ್ಳಿ." ಎಷ್ಟೇ ತಲೆ ಕೆಟ್ಟಿದ್ದರೂ ಹೇಳುತ್ತೇನೆ.

ಅಣ್ಣ ಗಾರೆ ಕೆಲಸದವನು. ಹದಿನಾರು ವರ್ಷ ಬೇರೆ ಗುತ್ತಿಗೆದಾರರ ಕೈಕೆಳಗೆ ಗೋಡೆ ಕಟ್ಟಿದ. ಕಟ್ಟಿದವನು ಇವನು, ಕಲ್ಲಿನ ಮೇಲೆ ಹೆಸರು ಇನ್ನೊಬ್ಬರದು. ಆಮೇಲೆ ಲೈಸೆನ್ಸ್ ಮಾಡಿಸಿಕೊಂಡರೂ ಸ್ವಂತ ಹೆಸರಿನಲ್ಲಿ ಸಿಕ್ಕಿದ್ದು ಎರಡು ಚರಂಡಿ, ಅಷ್ಟೇ. ಹಳೇ ಬಸ್ ಡಿಪೋ ಜಾಗದಲ್ಲಿ ಪಾರ್ಕು ಮಾಡುತ್ತಾರೆಂದು ಗೊತ್ತಾದಾಗಿನಿಂದ ಅವನ ಕಾಲು ನೆಲದ ಮೇಲಿರಲಿಲ್ಲ. ಪ್ರತಿ ಭಾನುವಾರ ಹೋಗಿ ಹೆಜ್ಜೆಯಲ್ಲೇ ಜಾಗ ಅಳೆದು ಬರುತ್ತಿದ್ದ. "ಬೆಂಚಿಗೆ ಬೆನ್ನು ಇರ್ಬೇಕು ಕಣೇ. ವಯಸ್ಸಾದೋರು ಒರಗೋದ್ ಬೇಡ್ವಾ?" ಎನ್ನುತ್ತಿದ್ದ.

ಮೂರು ದಿನದ ಹಿಂದೆ ಅವನು ಕ್ಯೂನಲ್ಲಿ ನಿಂತು ಲಕೋಟೆಗಳನ್ನು ನನ್ನ ಕೈಗಿಟ್ಟ. ಹಿಡಿದೊಡನೆ ಗೊತ್ತಾಯಿತು. 'ತಾಂತ್ರಿಕ' ಎಂದು ಬರೆದದ್ದು ತೆಳು, 'ದರ' ಎಂದು ಬರೆದದ್ದು ದಪ್ಪ. ಮೊದಲು ಅಂಟಿಸಿ, ಆಮೇಲೆ ಮೇಲೆ ಬರೆದಿದ್ದಾನೆ ಮಹಾರಾಯ! ನಾನು ಬಾಯಿ ತೆರೆಯುವಷ್ಟರಲ್ಲಿ ಅವನ ಹಿಂದಿದ್ದ ಹುರಿಮೀಸೆಯ ಗುತ್ತಿಗೆದಾರ, "ನಮ್ದೆಲ್ಲ ಸುಮ್ನೆ ಲೆಕ್ಕಕ್ಕೆ ಬಿಡಿ. ತಂಗಿ ಇಲ್ಲೇ ಕೂತಿರುವಾಗ ಪಾರ್ಕು ಯಾರಿಗೆ ಅಂತ ಬೇರೆ ಹೇಳ್ಬೇಕಾ?" ಎಂದ. ಇಡೀ ಕ್ಯೂ ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು. ಮೇಜು ಅದುರುವಂತೆ ಮೊಹರು ಹೊಡೆದು ಎರಡನ್ನೂ ಪೆಟ್ಟಿಗೆಗೆ ಹಾಕಿಬಿಟ್ಟೆ.

ಆಮೇಲೆ ಹುರಿಮೀಸೆಯವನ ಸರದಿ. ಬಾಯಿಗೆ ಅಭ್ಯಾಸವಾಗಿದೆಯಲ್ಲ, "ಇನ್ನೊಂದ್ಸಲ ನೋಡ್ಕೊಳ್ಳಿ" ಎಂದೆ. ನೋಡಿಕೊಂಡ. ಒಂದು ಲಕೋಟೆಯ ಮೇಲೆ ಸಹಿಯೇ ಇರಲಿಲ್ಲ. "ಬದುಕಿಸಿದ್ರಿ ಮೇಡಂ," ಎಂದು ಅಲ್ಲೇ ಸಹಿ ಹಾಕಿ ಕೊಟ್ಟು ಹೋದ.

ಮರುದಿನ ಮೂರು ಗಂಟೆಯವರೆಗೂ ಹೊಸ ಲಕೋಟೆ ಕೊಡಲು ಅವಕಾಶವಿತ್ತು. ಒಂದು ಫೋನ್ ಸಾಕಿತ್ತು. ನಾಲ್ಕು ಸಲ ಎತ್ತಿದೆ, ನಾಲ್ಕು ಸಲ ಇಟ್ಟೆ. ಜನ ಏನಂದಾರೋ ಎಂಬ ಭಯ. ಭಯವೆಲ್ಲಿ ಬಂತು, ಜಂಭ! ನಾನೆಷ್ಟು ನೆಟ್ಟಗಿದ್ದೇನೆಂದು ಆ ಮೀಸೆಗೆ ತೋರಿಸಬೇಕಿತ್ತು. ಮೂರು ಹೊಡೆದಾಗ ಪೆಟ್ಟಿಗೆಗೆ ಬೀಗ ಹಾಕಿದೆ.

ಇವತ್ತು ಬೆಳಿಗ್ಗೆ ಅತ್ತಿಗೆ ಬೇರೆ ಫೋನ್ ಮಾಡಿ, "ಇಸ್ತ್ರಿ ಅಂಗಿ ಹಾಕ್ಕೊಂಡು ಬರ್ತಿದಾರೆ ನೋಡು. ನಮ್ಮ ಮದುವೆಗೂ ನಿಮ್ಮಣ್ಣ ಇಷ್ಟು ತಯಾರಾಗಿರ್ಲಿಲ್ಲ," ಎಂದು ನಕ್ಕಿದ್ದರು.

ಬಾಗಿಲು ತೆರೆಯಿತು. ಮೊದಲು ಹೊರಬಂದವನು ಹುರಿಮೀಸೆಯವನು. ಸುತ್ತಲಿನವರು ಅವನ ಕೈ ಕುಲುಕುತ್ತಿದ್ದರು. ಪಾರ್ಕು ಅವನಿಗೇ ಆಗಿತ್ತು. ಕೊನೆಗೆ ಅಣ್ಣ ಬಂದ. ಒಡೆಯದೆ ವಾಪಸು ಕೊಟ್ಟ ದಪ್ಪ ಲಕೋಟೆ ಅವನ ಕೈಯಲ್ಲಿತ್ತು.

"ಅದಲುಬದಲು ಮಾಡ್ಬಿಟ್ಟಿದ್ದೆ ಕಣೇ," ಎಂದ. ಲಕೋಟೆಯನ್ನು ಅಂಗೈಯಲ್ಲಿ ತೂಗಿ ನೋಡಿದ. ಇಟ್ಟಿಗೆ ಎತ್ತಿದೊಡನೆ ಅದು ಗಟ್ಟಿಯೋ ಪೊಳ್ಳೋ ಹೇಳುವ ಕೈ ಅದು. ನಿಧಾನವಾಗಿ ನನ್ನ ಮುಖ ನೋಡಿದ. "ಕೈಗೆ ತಗೊಂಡಾಗ್ಲೇ ನಿಂಗೆ ಗೊತ್ತಾಗಿರ್ಬೇಕಲ್ವಾ?"

ಸುಳ್ಳು ಹೇಳಬಹುದಿತ್ತು. "ಗೊತ್ತಾಗಿತ್ತು," ಎಂದೆ.

"ನನ್ನ ಹಿಂದಿದ್ದೋರಿಗೆ ಹೇಳಿದ್ಯಲ್ಲ, ನೋಡ್ಕೊಳ್ಳಿ ಅಂತ. ಬಾಗಿಲ ಹತ್ರ ನಿಂತು ಕೇಳಿಸ್ಕೊಂಡೆ. ಅಷ್ಟೆಲ್ಲ ಆಡ್ಕೊಂಡೋರಿಗೂ ಹೇಳ್ತಾಳಲ್ಲ, ನನ್ನ ತಂಗಿ ಎಷ್ಟು ಒಳ್ಳೇಳು ಅಂದ್ಕೊಂಡೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಅಣ್ಣಾ, ತಪ್ಪಾಯ್ತು," ಎನ್ನಲು ಹೋದೆ. ಅಷ್ಟರಲ್ಲಿ ಅವನು ಅಂಗಿ ಸರಿಮಾಡಿಕೊಂಡು ಹುರಿಮೀಸೆಯವನ ಹತ್ತಿರ ಹೋಗಿದ್ದ.

"ಸಾರ್, ಗೋಡೆ ಕೆಲಸಕ್ಕೆ ಜನ ಬೇಕಾದ್ರೆ ಹೇಳಿ. ನಮ್ಮೋರಿದಾರೆ," ಎಂದ, ಹದಿನಾರು ವರ್ಷ ಕೆಲಸ ಕೇಳಿದ ಅದೇ ದನಿಯಲ್ಲಿ. ಸ್ವಲ್ಪ ತಡೆದು ಸೇರಿಸಿದ, "ಬೆಂಚಿಗೆ ಮಾತ್ರ ಬೆನ್ನು ಇಡ್ಸಿ ಸಾರ್."