ಇಬ್ಬನಿಯ ಮೇಲಿನ ಗೆರೆ

ಹುಲ್ಲಿಗೂ ಒಂದು ಬೆಳಗಿನ ಮುಖ ಇರುತ್ತದೆ. ಬಿಸಿಲು ಏರುವ ಹೊತ್ತಿಗೆ ಅದು ಅಳಿಸಿಹೋಗುವುದರಿಂದ ನೋಡಿದವರು ಕಡಿಮೆ. ಮೂವತ್ತೆಂಟು ವರ್ಷ ದಿನಾ ಅದನ್ನು ನೋಡಿದವನೊಬ್ಬನಿದ್ದ. ಅವನನ್ನು ಎಲ್ಲರೂ ಇಬ್ಬನಿಯಪ್ಪ ಎನ್ನುತ್ತಿದ್ದರು.

ಗಾಲ್ಫ್ ಮೈದಾನದಲ್ಲಿ ಹುಲ್ಲು ನೋಡಿಕೊಳ್ಳುವುದು ಅವನ ಕೆಲಸವಾಗಿತ್ತು. ಚೆಂಡು ಬೀಳಬೇಕಾದ ಗುಳಿಯ ಸುತ್ತ ಚಾಪೆಯಷ್ಟು ನುಣ್ಣಗೆ ಕತ್ತರಿಸಿದ ಹುಲ್ಲಿರುತ್ತದಲ್ಲ, ಅದರ ಮೇಲೆ ಇಬ್ಬನಿ ನಿಂತರೆ ಹುಲ್ಲಿಗೆ ರೋಗ ಹತ್ತುತ್ತದೆ. ಆದ್ದರಿಂದ ಆಟಗಾರರು ಬರುವ ಮೊದಲು ಎರಡಾಳುದ್ದದ ಬಾಗುವ ಬೆತ್ತವನ್ನು ಬೀಸಿ ಬೀಸಿ ಅದನ್ನು ಉದುರಿಸಬೇಕು. ಇಬ್ಬನಿಯಪ್ಪ ಚಪ್ಪಲಿ ಬಿಟ್ಟು, ಒಂದು ಗಳಿಗೆ ಕಣ್ಣು ಮುಚ್ಚಿ, 'ಇವತ್ತೂ ಎಬ್ಬಿಸಿದೆಯಲ್ಲ ತಂದೆ, ದೊಡ್ಡದು' ಎಂದುಕೊಂಡೇ ಬೆತ್ತ ಎತ್ತುತ್ತಿದ್ದ. ಕೆಲಸದಿಂದ ನಿವೃತ್ತನಾದ ಮೇಲೂ ಆ ಮಾತು ಬಿಡಲಿಲ್ಲ. ಹಾಸಿಗೆಯ ಪಕ್ಕ ನಿಂತು ಹೇಳುತ್ತಿದ್ದ.

ಸೋಮವಾರ ಮೈದಾನಕ್ಕೆ ರಜೆ. ಅಂದು ಕೆಲಸಗಾರರು, ನಿವೃತ್ತರಾದವರೂ ಸೇರಿ, ಆಡಬಹುದು. ಇಬ್ಬನಿಯಪ್ಪನ ಜೊತೆಗಾರ ಅವನ ಹೆಂಡತಿಯ ತಮ್ಮ. ಮೈದುನ ವೃತ್ತಿಯಲ್ಲಿ ದರ್ಜಿ. ಗುಳಿಗಳ ಮೇಲೆ ಹಾರುವ ಬಾವುಟಗಳನ್ನೆಲ್ಲ ಹೊಲಿದುಕೊಡುವವನು ಅವನೇ, ಹಾಗಾಗಿ ಅವನೂ ಕೆಲಸಗಾರರ ಲೆಕ್ಕದಲ್ಲೇ ಇದ್ದ. ಆಟ ಅವನಿಗೆ ಅಷ್ಟಕ್ಕಷ್ಟೆ. ಚೆಂಡಿಗಿಂತ ಮಣ್ಣನ್ನೇ ಹೆಚ್ಚು ಹೊಡೆಯುತ್ತಿದ್ದ. ಆದರೆ ಇಪ್ಪತ್ತಾರು ವರ್ಷದಲ್ಲಿ ಅವನು ತಪ್ಪಿಸಿದ ಸೋಮವಾರಗಳನ್ನು ಒಂದೇ ಕೈಯ ಬೆರಳುಗಳಲ್ಲಿ ಎಣಿಸಬಹುದಿತ್ತು.

ಇಬ್ಬನಿಯಪ್ಪನ ಪಟ್ಟರ್ ಹಳೆಯದು. ಪಟ್ಟರ್ ಎಂದರೆ ಕೊನೆಯ ಕೋಲು, ಗುಳಿಯ ಹತ್ತಿರ ಬಂದ ಚೆಂಡನ್ನು ಮೆಲ್ಲಗೆ ಉರುಳಿಸಿ ಒಳಗೆ ಹಾಕುವಂಥದು. ಒಮ್ಮೆ ಹುಲ್ಲು ಕೊಯ್ಯುವ ಯಂತ್ರದ ಗಾಲಿಗೆ ಸಿಕ್ಕಿ ಅದರ ಕತ್ತು ಕೂದಲೆಳೆಯಷ್ಟು ತಿರುಚಿಕೊಂಡಿತ್ತು. ಅಂದಿನಿಂದ ಚೆಂಡು ಬಲಕ್ಕೆ ಎಳೆಯುತ್ತಿತ್ತು. ಇಬ್ಬನಿಯಪ್ಪ ಗುಳಿಯ ಎಡಕ್ಕೆ ಒಂದು ಗೇಣು ಗುರಿ ಇಡಲು ಕಲಿತ. ಕಲಿತಿದ್ದೇನೆ ಎನ್ನುವುದೂ ಕ್ರಮೇಣ ಮರೆತುಹೋಯಿತು. ಹಿಡಿಯ ರಬ್ಬರು ಬಿರುಕು ಬಿಟ್ಟಾಗ ಹೆಂಡತಿ ತನ್ನ ಹಳೆಯ ಕೈಚೀಲವನ್ನು ಕತ್ತರಿಸಿ, ಹೊಸ್ತಿಲ ಮೇಲೆ ಕೂತು, ಅದರ ಚರ್ಮವನ್ನು ಹಿಡಿಗೆ ಸುತ್ತಿ ಹೊಲಿದುಕೊಟ್ಟಿದ್ದಳು. 'ಇನ್ನು ಕೈ ಜಾರಲ್ಲ, ನೋಡಿ' ಎಂದಿದ್ದಳು. ಅದಾಗಿ ಎರಡು ವರ್ಷಕ್ಕೆ ಅವಳು ಹೋದಳು. ಹೋಗಿ ಈಗ ಒಂಬತ್ತು ವರ್ಷ. ಆ ಹೊಲಿಗೆ ಅಂಗೈಗೆ ತಾಗುವಾಗ ಅವನಿಗೆ ಅವಳ ಕೈ ಹಿಡಿದಂತೆಯೇ ಅನಿಸುತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಮೈದುನನಿಗೆ ಹೇಳದೆಯೂ ಗೊತ್ತಿತ್ತು.

ಈ ವರ್ಷ ಇಬ್ಬನಿಯಪ್ಪನ ಬಲಗೈ ನಡುಗತೊಡಗಿತು. ಊಟಕ್ಕೆ, ಗುಂಡಿ ಹಾಕಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಚೆಂಡಿನ ಮುಂದೆ ನಿಂತಾಗ ಮಾತ್ರ ಮಣಿಕಟ್ಟು ಬೆಚ್ಚಿಬೀಳುತ್ತಿತ್ತು. ಒಂದು ಸೋಮವಾರ, ಎರಡು ಅಡಿ ದೂರದ ಚೆಂಡನ್ನು ಗುಳಿಗೆ ಹಾಕಲು ನಾಲ್ಕು ಸಲ ಹೊಡೆದ. ಹೊಡೆದು, ಪಟ್ಟರನ್ನು ಚೀಲಕ್ಕಿಳಿಸಿ, ಚೀಲದ ಬಾಯಿ ಕಟ್ಟಿದ.

"ಮುಂದಿನ ಸೋಮವಾರ ಬರ್ತೀನಿ. ಅದೇ ಕೊನೆ ಕಣೋ."

ಯಾವುದಕ್ಕೂ ಒಂದು ಕುಹಕ ಇಟ್ಟುಕೊಂಡಿರುತ್ತಿದ್ದ ದರ್ಜಿ ಅಂದು ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡು ಮುಂದೆ ನಡೆದ. ಅವನಿಗೂ ಮನೆಯಲ್ಲಿ ಯಾರೂ ಇರಲಿಲ್ಲ. ವಾರದ ಆರು ದಿನ ಹೊಲಿಗೆ ಯಂತ್ರದ ಸದ್ದು, ಏಳನೆಯ ದಿನ ಈ ಭಾವನ ಜೊತೆ ಆಟ.

ಗುರುವಾರ ಅಂಗಡಿಗೆ ಬೀಗ ಹಾಕಿಕೊಂಡು ಬಂದ. "ಹೊರಡಿ ಭಾವ. ಕೋಲಮ್ಮನ ಹತ್ರ ಹೋಗೋಣ."

"ಯಾಕೆ?"

"ಹೊಸ ಪಟ್ಟರ್ ನೋಡೋಕೆ."

"ನನಗೆ ಬೇಡ."

"ನೋಡೋಕೆ ಅಂದೆ, ಮದುವೆ ಆಗೋಕೆ ಅಂದ್ನಾ? ಚಪ್ಪಲಿ ಹಾಕ್ಕೊಳ್ಳಿ."

ಕೋಲಮ್ಮ ಎಂದರೆ ಮೈದಾನದ ಹಿಂದಿನ ಬೀದಿಯಲ್ಲಿ ಕೋಲು ರಿಪೇರಿ ಮಾಡುವಾಕೆ. ಕಿರಿದಾದ ಕೋಣೆ, ಅಂಟಿನ ವಾಸನೆ, ಗೋಡೆ ತುಂಬ ತಲೆಕೆಳಗಾಗಿ ತೂಗುವ ಕೋಲುಗಳು. ನೆಲದ ಮೇಲೆ ಉದ್ದನೆಯ ಹಸಿರು ಜಮಖಾನೆ, ಅದರ ತುದಿಗೆ ಅಡ್ಡ ಮಲಗಿಸಿದ ಲೋಟ. ಆಕೆ ಇಬ್ಬನಿಯಪ್ಪನಿಂದ ಅವನು ತಂದಿದ್ದ ಹಳೆಯ ಪಟ್ಟರಿನಲ್ಲೇ ಆರು ಚೆಂಡು ಹೊಡೆಸಿದಳು. ಚೆಂಡು ಎಲ್ಲಿ ಹೋಯಿತೆಂದು ಒಮ್ಮೆಯೂ ನೋಡಲಿಲ್ಲ, ಅವನ ಮಣಿಕಟ್ಟನ್ನೇ ನೋಡಿದಳು.

"ಯಜಮಾನ್ರೇ, ಹಿಡಿ ತೆಳ್ಳಗಿದ್ರೆ ಬೆರಳುಗಳು ಆಟ ಆಡ್ತವೆ. ದಪ್ಪ ಹಿಡಿ, ಭಾರದ ತಲೆ ಇದ್ರೆ ಭುಜ ಕೆಲಸ ಮಾಡುತ್ತೆ, ಮಣಿಕಟ್ಟು ಸುಮ್ಮನಿರುತ್ತೆ." ಮೂರು ಪಟ್ಟರ್ ತಂದು ಮುಂದಿಟ್ಟಳು.

ಒಂದರ ತಲೆ ಅಗಲವಾಗಿತ್ತು. "ಇದು ಇಸ್ತ್ರಿಪೆಟ್ಟಿಗೆ," ಎಂದ ದರ್ಜಿ. "ನಮ್ಮ ಅಂಗಡಿಯಿಂದಲೇ ಕದ್ದಿರಬೇಕು." ಇನ್ನೊಂದು ಎದೆಯೆತ್ತರದ್ದು. ಅದಕ್ಕೆ ಕೊಕ್ಕರೆ ಎಂದು ಹೆಸರಿಟ್ಟ. ಮೂರನೆಯದು ಸಾದಾ, ಬೂದುಬಣ್ಣದ್ದು, ಹಿಡಿ ಮಾತ್ರ ಸೌತೆಕಾಯಿಯಷ್ಟು ದಪ್ಪ. ಅದಕ್ಕೆ ಹೆಸರು ಹೊಳೆಯಲಿಲ್ಲ.

"ಈ ಚರ್ಮ ತೆಗೆದು ಇದರ ಹಿಡಿಗೆ ಹೊಲಿಯೋಕಾಗುತ್ತಾ ತಾಯಿ?" ಎಂದು ಇಬ್ಬನಿಯಪ್ಪ ಮೆಲ್ಲಗೆ ಕೇಳಿದ.

ಕೋಲಮ್ಮ ಅಳತೆ ಹಿಡಿದು ನೋಡಿದಳು. "ಎರಡು ಬೆರಳಷ್ಟು ಸಾಲಲ್ಲ. ಎಳೆದ್ರೆ ಹರಿಯುತ್ತೆ."

"ಹಾಗಾದ್ರೆ ಬಿಡು." ಅವನು ಗೋಡೆಯ ಕಡೆ ತಿರುಗಿ, ತೂಗುವ ಕೋಲುಗಳನ್ನು ನೋಡುತ್ತ ನಿಂತ.

ಕೋಲಮ್ಮ ಹಳೆಯ ಹಿಡಿಯನ್ನು ಬೆಳಕಿಗೆ ಹಿಡಿದಳು. ಹೊಲಿಗೆಯ ಮೇಲೆ ಉಗುರು ಆಡಿಸಿ, "ಚರ್ಮ ಹಳೇದು, ಆದ್ರೆ ಈ ದಾರ..." ಎಂದು ಶುರು ಮಾಡಿದವಳು ತಲೆಯೆತ್ತಿದಾಗ, ದರ್ಜಿ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದ. ಆಕೆ ಅವನ ಮುಖ ನೋಡಿದಳು. ಅವನ ತೋರುಬೆರಳ ತುದಿಯ ಸೂಜಿಗಾಯಗಳನ್ನು ನೋಡಿದಳು. ಮಾತನ್ನು ಅಲ್ಲಿಗೇ ನುಂಗಿಕೊಂಡಳು.

ಇಬ್ಬನಿಯಪ್ಪ ಮೂರರಲ್ಲೂ ಹೊಡೆದ. ಎಲ್ಲವೂ ಲೋಟಕ್ಕೆ ಬಿದ್ದವು. ಆದರೂ ತಲೆಯಾಡಿಸಿದ. "ಈ ಜಮಖಾನೆ ಮೇಲೆ ಪೊರಕೆಯಲ್ಲಿ ಹೊಡೆದ್ರೂ ಬೀಳುತ್ತೆ. ಮಧ್ಯ ಹಳ್ಳ ಬಿದ್ದಿದೆ, ಚೆಂಡು ತಾನಾಗೇ ಹೋಗುತ್ತೆ. ನಿಜ ಹೇಳೋದು ಇಬ್ಬನಿ ಒಂದೇ."

"ಹಾಗಾದ್ರೆ ಇಬ್ಬನೀನೇ ಕೇಳಿ," ಎಂದಳು ಕೋಲಮ್ಮ. "ಮೂರೂ ತಗೊಂಡು ಹೋಗಿ. ಸೋಮವಾರ ಸಂಜೆ ಎರಡು ವಾಪಸ್ ತನ್ನಿ."

"ಮೂರೂ ತರ್ತೀನಿ," ಎಂದ ಇಬ್ಬನಿಯಪ್ಪ.

ಸೋಮವಾರ ಬೆಳಕು ಹರಿಯುವ ಮೊದಲೇ ಇಬ್ಬರೂ ಮೈದಾನದಲ್ಲಿದ್ದರು. ಈಗ ಹುಲ್ಲು ನೋಡಿಕೊಳ್ಳುವವಳು ಇಬ್ಬನಿಯಪ್ಪನ ಕೈಕೆಳಗೆ ಕಲಿತವಳೇ. ಗುರುವಿಗೆಂದು ಏಳನೆಯ ಗುಳಿಯ ಸುತ್ತ ಇಬ್ಬನಿಯನ್ನು ಮುಟ್ಟದೆ ಬಿಟ್ಟು, ಬೆತ್ತವನ್ನು ಪಕ್ಕಕ್ಕೆ ಒರಗಿಸಿ ಹೋಗಿದ್ದಳು.

ಹುಲ್ಲೆಲ್ಲ ಬೂದಿಬೆಳ್ಳಿ. ಅದರ ಮೇಲೆ ಉರುಳಿದ ಚೆಂಡು ಹನಿ ಒರೆಸಿಕೊಂಡು ಹೋಗುತ್ತದೆ, ಹಿಂದೆ ಕಡುಹಸಿರು ಗೆರೆ ಉಳಿಯುತ್ತದೆ. ಕೈ ಬೆಚ್ಚಿದರೆ ಚೆಂಡು ಮೊದಲು ಜಿಗಿಯುತ್ತದೆ, ಗೆರೆ ತುಂಡುತುಂಡಾಗುತ್ತದೆ. ಮನುಷ್ಯನಿಗೆ ಸುಳ್ಳು ಹೇಳಿಕೊಳ್ಳಲು ಅಲ್ಲಿ ಜಾಗವಿಲ್ಲ.

ಇಬ್ಬನಿಯಪ್ಪ ಚಪ್ಪಲಿ ಬಿಟ್ಟ. ಕಣ್ಣು ಮುಚ್ಚಿದ. ಮೊದಲು ಹಳೆಯ ಪಟ್ಟರ್ ಹಿಡಿದು ಹತ್ತು ಅಡಿಯಿಂದ ಮೂರು ಚೆಂಡು ಹೊಡೆದ. ಮೂರೂ ತಪ್ಪಿದವು. ಇಸ್ತ್ರಿಪೆಟ್ಟಿಗೆ ತಪ್ಪಿತು, ಕೊಕ್ಕರೆಯೂ ತಪ್ಪಿತು. ಕೊನೆಗೆ ಬೂದುಬಣ್ಣದ್ದರಲ್ಲಿ ಹೊಡೆದ. ಮೂರೂ ಚೆಂಡು ಗುಳಿಯ ಎಡಕ್ಕೆ ಹೋಗಿ ನಿಂತವು.

"ನೋಡಿದ್ಯಾ? ಕೋಲು ಬದಲಾಯಿಸಿದ್ರೆ ಕೈ ಬದಲಾಗುತ್ತಾ? ಮುಗೀತು." ಅವನ ದನಿಯಲ್ಲಿ ಬೇಸರಕ್ಕಿಂತ ನಿರಾಳವೇ ಹೆಚ್ಚಿತ್ತು. ಮೂವತ್ತೆಂಟು ವರ್ಷ ಇಬ್ಬನಿ ಓದಿದವನು ಅಂದು ಗುಳಿಯನ್ನಷ್ಟೇ ನೋಡಿದ್ದ. ಸೋಲಬೇಕೆಂದೇ ಬಂದವನ ಕಣ್ಣಿಗೆ ಅಷ್ಟು ಸಾಕಾಗಿತ್ತು.

ದರ್ಜಿ ಹುಲ್ಲಿನ ಅಂಚಿಗೆ ಹೋಗಿ ಮೊಣಕಾಲೂರಿ ಕೂತ. ಬಟ್ಟೆ ಹರಡಿ ನೋಡುವಂತೆ ತಲೆ ಓರೆ ಮಾಡಿ ನೋಡಿದ.

"ಭಾವ, ಇಲ್ಲಿ ಬನ್ನಿ."

"ಏನು?"

"ಬನ್ನಿ ಅಂದ್ರೆ. ಗುಳಿ ನೋಡಬೇಡಿ, ಗೆರೆ ನೋಡಿ. ನಿಮ್ಮ ಹಳೇದು ಹೊಲಿದದ್ದು ಇದು. ಹೇಗಿದೆ? ಕಚ್ಚಾ ಹೊಲಿಗೆ, ಅಲ್ಲೊಂದು ಇಲ್ಲೊಂದು. ಇಸ್ತ್ರಿಪೆಟ್ಟಿಗೆಯದೂ ಅಷ್ಟೆ, ಕೊಕ್ಕರೆಯದೂ ಅಷ್ಟೆ. ಈಗ ಈ ಬೂದುಬಣ್ಣದ್ದು ಹೊಲಿದದ್ದು ನೋಡಿ. ಎಲ್ಲಾದ್ರೂ ದಾರ ಬಿಟ್ಟಿದ್ಯಾ?"

ಇಬ್ಬನಿಯಪ್ಪ ಬಗ್ಗಿ ನೋಡಿದ. ಮೂರು ಗೆರೆಗಳು, ಒಂದೂ ತುಂಡಾಗಿರಲಿಲ್ಲ. ಒಂದರ ಪಕ್ಕ ಒಂದು, ಅಂಗಿಯ ತೋಳಿನ ಅಂಚಿನಂತೆ ನೆಟ್ಟಗೆ ಹೋಗಿದ್ದವು. ಗುಳಿಯ ಕಡೆಗಲ್ಲ, ಗುಳಿಯಿಂದ ಒಂದು ಗೇಣು ಎಡಕ್ಕೆ.

"ಹೊಲಿಗೆ ನೇರ ಇದೆ ಭಾವ. ಗುರುತು ಹಾಕಿದ್ದೇ ತಪ್ಪು. ಸೊಟ್ಟ ಕತ್ತಿನ ಪಟ್ಟರಿಗೆ ಇಟ್ಟ ಗುರಿಯನ್ನೇ ಇದಕ್ಕೂ ಇಟ್ಟಿದ್ದೀರಿ. ಗುಳಿಗೇ ಇಡಿ."

ಇಬ್ಬನಿಯಪ್ಪ ಎದ್ದ. ನೇರ ಗುಳಿಯನ್ನೇ ನೋಡಿ ನಿಲ್ಲುವುದು ಎಷ್ಟು ಕಷ್ಟವೆಂದು ಅವನಿಗೆ ಆಗ ಗೊತ್ತಾಯಿತು. ಪಾದಗಳು ತಾವಾಗಿಯೇ ಎಡಕ್ಕೆ ಸರಿಯುತ್ತಿದ್ದವು. ಎರಡು ಸಲ ಸರಿಪಡಿಸಿಕೊಂಡು ಹೊಡೆದ. ಚೆಂಡು ಸದ್ದಿಲ್ಲದೆ ಉರುಳಿ ಟಕ್ಕೆಂದು ಒಳಗೆ ಬಿತ್ತು. ಇನ್ನೊಂದು ಹೊಡೆದ. ಅದೂ ಬಿತ್ತು.

ದರ್ಜಿ ಚಪ್ಪಾಳೆ ತಟ್ಟಿದ. ಇಬ್ಬನಿಯಪ್ಪ ನಗಲಿಲ್ಲ. ಹೊಸದನ್ನು ಮೆಲ್ಲಗೆ ನೆಲಕ್ಕೊರಗಿಸಿ ಹಳೆಯದನ್ನು ಎತ್ತಿಕೊಂಡ.

"ಚೆನ್ನಾಗಿದೆ ಕಣೋ. ಇಲ್ಲ ಅನ್ನಲ್ಲ. ಆದ್ರೆ ಇದರಲ್ಲಿ ನಿನ್ನ ಅಕ್ಕ ಹೊಲಿದ ಹೊಲಿಗೆ ಇದೆ. ಇದನ್ನ ಮೂಲೆಗಿಟ್ಟು ಅದರಲ್ಲಿ ಆಡೋಕೆ ನನಗೆ ಮನಸ್ಸು ಒಪ್ಪಲ್ಲ. ಅದಕ್ಕಿಂತ ಆಟ ನಿಲ್ಸೋದೇ ವಾಸಿ."

ದರ್ಜಿ ಒದ್ದೆ ಹುಲ್ಲಿನ ಅಂಚಿನಲ್ಲೇ ಕೂತುಬಿಟ್ಟ. ಏಳು ವರ್ಷ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ. ಈ ಸೋಮವಾರಗಳು ಉಳಿಯಲಿ ಎಂದೇ ಇಟ್ಟುಕೊಂಡದ್ದು. ಈಗ ಅದೇ ಮಾತು ಸೋಮವಾರಗಳನ್ನು ಕಿತ್ತುಕೊಳ್ಳುತ್ತಿತ್ತು.

"ಭಾವ, ಬೈಬೇಡಿ. ಅದು ಅಕ್ಕ ಹೊಲಿದದ್ದಲ್ಲ."

"ಏನಂದೆ?"

"ಮೊದಲು ಅಕ್ಕ ಹೊಲಿದಿದ್ದು ನಿಜ. ಅವಳು ಹೋದ ಎರಡನೇ ವರ್ಷಕ್ಕೆ ಆ ದಾರ ಪೂರ್ತಿ ಹೋಗಿತ್ತು. ಬೆವರು ದಾರ ತಿಂದುಬಿಡುತ್ತೆ. ಮಳೆಗಾಲದಲ್ಲಿ ಮೈದಾನ ಮುಚ್ಚಿದಾಗ ಚೀಲ ನಮ್ಮ ಅಂಗಡೀಲಿ ಇಡ್ತೀರಲ್ಲ, ಆಗ ನೋಡ್ದೆ. ಹೊಲಿದೆ. ಆಮೇಲೆ ವರ್ಷ ವರ್ಷ. ಒಂದು ತೂತೂ ನಾನು ಹೊಸದಾಗಿ ಹಾಕಿಲ್ಲ. ತೂತು ಅಕ್ಕಂದು. ದಾರ ನಂದು."

ಇಬ್ಬನಿಯಪ್ಪ ಹೆಬ್ಬೆರಳನ್ನು ಹೊಲಿಗೆಯ ಮೇಲೆ ಆಡಿಸಿದ. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ.

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅವತ್ತೇ ಆಡೋದು ಬಿಟ್ಬಿಡ್ತಿದ್ರಿ. ಆಮೇಲೆ ಸೋಮವಾರ ನಾನೆಲ್ಲಿಗೆ ಹೋಗ್ಲಿ ಭಾವ?"

ದೂರದಲ್ಲಿ ಯಂತ್ರವೊಂದು ಕೆಮ್ಮಿ ಶುರುವಾಯಿತು. ಮೊದಲ ಬಿಸಿಲು ಮರಗಳ ಸಂದಿಯಿಂದ ಇಳಿದು ಹುಲ್ಲಿನ ಅಂಚನ್ನು ಮುಟ್ಟಿತು. ಇಬ್ಬನಿಯಪ್ಪನಿಗೆ ಕೋಪ ಬರಬೇಕಿತ್ತೇನೋ. ಅವನು ತನ್ನೊಳಗೆ ಹುಡುಕಿ ನೋಡಿದ, ಅದು ಸಿಗಲಿಲ್ಲ. ಸಿಕ್ಕಿದ್ದು ಏಳು ಮಳೆಗಾಲ. ಹೊರಗೆ ಮಳೆ ಹೊಯ್ಯುತ್ತಿರುವಾಗ ಅಂಗಡಿಯ ಬಾಗಿಲು ಮುಚ್ಚಿ, ಕನ್ನಡಕ ಮೂಗಿಗಿಳಿಸಿ, ಅಕ್ಕನ ತೂತುಗಳನ್ನು ಒಂದೊಂದಾಗಿ ಹುಡುಕುತ್ತ ಕೂತ ಒಬ್ಬ ಮನುಷ್ಯ. ತನಗೆ ಮಾತ್ರ ಅವಳು ಇಲ್ಲವಾದಳು ಎಂದು ಇಬ್ಬನಿಯಪ್ಪ ಇಷ್ಟು ದಿನ ತಿಳಿದಿದ್ದ.

"ಅಂದ್ರೆ," ಎಂದ ಇಬ್ಬನಿಯಪ್ಪ, "ಏಳು ವರ್ಷದಿಂದ ನಾನು ಹಿಡ್ಕೊಂಡು ಓಡಾಡ್ತಿದ್ದದ್ದು ನಿನ್ನ ಕೈಯನ್ನಾ?"

"ಹೂಂ."

"ಥೂ! ಅದಕ್ಕೇ ಚೆಂಡು ಸರಿಯಾಗಿ ಹೋಗ್ತಿರಲಿಲ್ಲ."

ದರ್ಜಿ ಮುಖ ತಿರುಗಿಸಿಕೊಂಡು ನಕ್ಕ, ನಗುತ್ತಲೇ ತೋಳಿನಿಂದ ಮೂಗೊರೆಸಿಕೊಂಡ. ಇಬ್ಬನಿಯಪ್ಪ ಅವನ ಬಳಿ ಹೋಗಿ ಕೈ ಕೊಟ್ಟು ಎಬ್ಬಿಸಿದ. ಎಬ್ಬಿಸಿದ ಮೇಲೂ ಆ ಕೈಯನ್ನು ಸ್ವಲ್ಪ ಹೊತ್ತು ಬಿಡಲಿಲ್ಲ. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳತುದಿ. ಏಳು ವರ್ಷದ ಗುರುತಿನ ಬೆರಳೇ ಅನಿಸಿತು.

"ದೊಡ್ಡದು ಕಣೋ," ಎಂದ. ದಿನಾ ಬೆಳಿಗ್ಗೆ ದೇವರಿಗೆ ಹೇಳುತ್ತಿದ್ದ ಮಾತದು. ಮನುಷ್ಯನೊಬ್ಬನಿಗೆ ಹೇಳಿದ್ದು ಅದೇ ಮೊದಲು.

ಆಮೇಲೆ ಹಳೆಯ ಪಟ್ಟರನ್ನು ಮೈದುನನ ಕೈಗಿಟ್ಟು, ತಾನು ಬೂದುಬಣ್ಣದ್ದನ್ನು ಚೀಲಕ್ಕೆ ಹಾಕಿಕೊಂಡ. "ಇನ್ನು ಮೇಲೆ ಇದು ನಿಂದು. ಮೂಲೆಗಿಟ್ರೆ ನೋಡು. ಆಡಬೇಕು." ಬೆತ್ತ ಎತ್ತಿಕೊಂಡು, ಬಹಳ ದಿನಗಳ ಮೇಲೆ, ಎಡದಿಂದ ಬಲಕ್ಕೆ ಉದ್ದಕ್ಕೆ ಬೀಸಿದ. ತುಂಡುಗೆರೆ, ನೇರಗೆರೆ ಎಲ್ಲ ಹನಿಗಳೊಂದಿಗೆ ಉದುರಿಹೋಗಿ ಹುಲ್ಲು ಹಸಿರಾಯಿತು. ಬೀಸುವಾಗ ಅವನ ಕೈ ನಡುಗಲಿಲ್ಲ. ಅದನ್ನು ದರ್ಜಿ ಗಮನಿಸಿದ.

ಮೊದಲನೆಯ ಗುಳಿಯಿಂದ ಆಟ ಶುರುವಾಯಿತು. ಗುಳಿಯ ಹತ್ತಿರ ಬಂದಾಗ ದರ್ಜಿ ಅಕ್ಕನ ಚರ್ಮವನ್ನು ಎರಡೂ ಕೈಯಲ್ಲಿ ಜೋಪಾನವಾಗಿ ಹಿಡಿದು, ಉಸಿರು ಬಿಗಿಹಿಡಿದು ಹೊಡೆದ. ಚೆಂಡು ಬಲಕ್ಕೆ ಜಾರಿ ಮುಂದೆ ಹೋಯಿತು.

"ಎಡಕ್ಕೆ ಒಂದು ಗೇಣು ಗುರಿ ಇಡೋ," ಎಂದ ಇಬ್ಬನಿಯಪ್ಪ. "ಏಳು ವರ್ಷ ಸಾಕಿದ್ದೀಯ, ಅದರ ಬುದ್ಧಿ ಗೊತ್ತಿಲ್ವಾ?"

"ಕಲಿಯೋಕೆ ಎಷ್ಟು ದಿನ ಬೇಕಾಗುತ್ತೆ ಭಾವ?"

"ನಿನಗಾ?" ಇಬ್ಬನಿಯಪ್ಪ ಗುಳಿಯಿಂದ ಬಾವುಟ ಕಿತ್ತು ಹಿಡಿದುಕೊಂಡು ಯೋಚಿಸಿದ. "ತುಂಬಾ ಸೋಮವಾರ ಬೇಕು."